ಕೇಳಿಸದೆ ಹೋದ ಗಾಲಿಗಳು

ಕರಿಹಳ್ಳ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಚೀಲ ಹೆಗಲಿಗೇರಿಸಿಕೊಂಡು ಎದ್ದ ಕಸ್ತೂರಿ ಹಡಪದ ಮತ್ತೆ ಸೀಟಿನ ಅಂಚಿಗೆ ಕೂತಳು. ಕಿಟಕಿಯ ಕೆಳಗಿನಿಂದ ಒಂದು ಸದ್ದು ಬರಬೇಕಿತ್ತು.

ಅವಳ ಅಪ್ಪ ಇಲ್ಲಿ ಗಾರ್ಡ್ ಆಗಿದ್ದರು. ಹನ್ನೆರಡು ತುಂಬುವವರೆಗೆ ಅವಳು ಬೆಳೆದದ್ದು ಇದೇ ಸ್ಟೇಷನ್ನಿನ ಹಿಂದಿನ ರೈಲ್ವೆ ಕಾಲೊನಿಯಲ್ಲಿ. ಆಗ ಯಾವ ರೈಲು ಬಂದು ನಿಂತರೂ ಚಹಾದವನ ಕೂಗಿಗಿಂತ ಮೊದಲು ಸುತ್ತಿಗೆಯ ಸದ್ದು ಕೇಳುತ್ತಿತ್ತು. ಇಬ್ಬರು ರೈಲಿನ ಎರಡೂ ಬದಿಗೆ ನಡೆಯುತ್ತ, ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಂದೊಂದು ಗಾಲಿಗೂ ಒಂದೊಂದೇ ಏಟು ಕೊಡುತ್ತ ಹೋಗುತ್ತಿದ್ದರು. ಗಟ್ಟಿ ಗಾಲಿ ಗಂಟೆಯ ಹಾಗೆ ಠಣ್ ಎನ್ನುತ್ತಿತ್ತು. ಬಿರುಕು ಬಿಟ್ಟಿದ್ದರೆ ಒಡೆದ ಮಡಕೆಯ ಹಾಗೆ ಥಡ್. ಮಧ್ಯಾಹ್ನದ ಗಾಡಿ ಬಂದಾಗ ಕಾಲೊನಿಯ ಹೆಂಗಸರು ಅಕ್ಕಿ ಆರಿಸುವ ಕೈ ಅಷ್ಟು ಹೊತ್ತು ತಡೆದು ಆ ಸದ್ದನ್ನು ಕೇಳುತ್ತಿದ್ದರು. ಯಾರ ಮನೆಯವರು ಯಾವ ಗಾಡಿಯಲ್ಲಿ ಹೊರಟಿರುತ್ತಾರೋ!

ಈಗ ಕೈಯಲ್ಲಿ ಸಣ್ಣ ಕ್ಯಾಮೆರಾ ಹಿಡಿದ ಇಬ್ಬರು ಸದ್ದಿಲ್ಲದೆ ಗಾಲಿ ನೋಡಿಕೊಂಡು ಹೋದರು. ಕಸ್ತೂರಿ ಇಳಿದಳು.

ಪ್ಲಾಟ್‌ಫಾರಂ ಮುಗಿದ ಮೇಲೆ ಹಳಿಯ ಎರಡೂ ಪಕ್ಕಕ್ಕೆ ಆಳೆತ್ತರದ ಬೂದು ಕಂಬಗಳು ನಿಂತಿದ್ದವು. ಊರವರು ಅವಕ್ಕೆ ಕಿವಿಗಂಬ ಎಂದು ಹೆಸರಿಟ್ಟಿದ್ದರು. ಓಡುವ ರೈಲಿನ ಒಂದೊಂದು ಗಾಲಿಯ ಸದ್ದನ್ನೂ ಅವು ಹಿಡಿಯುತ್ತಿದ್ದವು. ಅದನ್ನು ಹಿಂದೆ ಕೇಳಿದ ಲಕ್ಷಾಂತರ ಗಾಲಿಗಳ ಸದ್ದಿನೊಂದಿಗೆ ತಾಳೆ ನೋಡಿ, ಬಿರುಕಿನ ಗುಮಾನಿ ಬಂದರೆ ರೈಲನ್ನು ತಾವೇ ನಿಲ್ಲಿಸುತ್ತಿದ್ದವು. ಬಿರುಕಿನ ದನಿ ಹೇಗಿರುತ್ತದೆ ಎಂದು ಯಾರೂ ಆ ಯಂತ್ರಕ್ಕೆ ನಿಯಮ ಬರೆದುಕೊಟ್ಟಿರಲಿಲ್ಲ. ಕೇಳಿ ಕೇಳಿ ಅದೇ ಕಲಿತಿತ್ತು.

ಇನ್ನು ಆರು ವಾರಕ್ಕೆ ಕರಿಹಳ್ಳದಿಂದ ಘಟ್ಟ ಇಳಿದು ಕರಾವಳಿಗೆ ಹೋಗುವ ಚಾಲಕರಿಲ್ಲದ ರೈಲು ಶುರುವಾಗುವುದಿತ್ತು. ಕಿವಿಗಂಬಕ್ಕೆ ಒಪ್ಪಿಗೆ ಸಿಕ್ಕರೆ ಗಾಲಿ ನೋಡಲೆಂದು ಈ ಜಂಕ್ಷನ್ನಿನಲ್ಲಿ ನಿಲ್ಲುವ ಹದಿನೆಂಟು ನಿಮಿಷ ಉಳಿಯುತ್ತದೆ. ಆರು ತಿಂಗಳಿಗೊಮ್ಮೆ ಬೋಗಿ ಎತ್ತಿ, ಗಾಲಿಯ ಉಕ್ಕಿನೊಳಗೆ ಶಬ್ದದ ಅಲೆ ಹಾಯಿಸಿ ಮಾಡುವ ಸ್ಕ್ಯಾನಿಂಗನ್ನೂ ಕೈಬಿಡಬಹುದು. ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ನೋಡಿ ಹೇಳಲು ಪ್ರಮಾಣೀಕರಣ ಮಂಡಳಿ ಕಸ್ತೂರಿಯನ್ನು ಕಳಿಸಿತ್ತು. ಯಂತ್ರ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಅಳೆಯುವುದು ಅವಳ ಉದ್ಯೋಗ. ಐವತ್ಮೂರರ ವಯಸ್ಸಿಗೆ ಅವಳು ನೂರಾರು ಯಂತ್ರಗಳನ್ನು ಹೀಗೆ ಅಳೆದಿದ್ದಳು.

ನಿಯಂತ್ರಣ ಕೊಠಡಿ ಹಳೆಯ ಪಾರ್ಸೆಲ್ ಆಫೀಸಿನಲ್ಲಿತ್ತು. ಯೋಜನೆಯ ಮುಖ್ಯಸ್ಥ ಜಯತೀರ್ಥ ಇನಾಮದಾರ ಧಾರವಾಡದವನು, ನಲವತ್ತರ ಆಸುಪಾಸಿನವನು. ಆರು ವರ್ಷದಿಂದ ಇದೇ ಕೆಲಸದಲ್ಲಿ ಮುಳುಗಿದ್ದ. ಗೋಡೆಯ ಪರದೆಯ ಮೇಲೆ ಹಸಿರು ಚುಕ್ಕೆಗಳ ಸಾಲು ತೋರಿಸಿ ಹೇಳಿದ:

“ನಲವತ್ತಕ್ಕ ನಲವತ್ತು, ಮೇಡಂ. ಬಿರುಕಿನ ಗಾಲಿ ನಲವತ್ತು ಸಲ ಓಡಿಸೇವಿ, ನಲವತ್ತು ಸಲಾನೂ ಹಿಡದದ. ಒಂದೂ ತಪ್ಪಿಲ್ಲ.”

“ಗಾಲಿ ಎಷ್ಟು?” ಎಂದಳು ಕಸ್ತೂರಿ.

“ಅಂದ್ರ?”

“ನಲವತ್ತು ಸಲ ಓಡಿಸಿದ್ದು ನಲವತ್ತು ಬ್ಯಾರೆ ಬ್ಯಾರೆ ಗಾಲಿನೋ, ಹೆಂಗ?”

ಇನಾಮದಾರ ಕನ್ನಡಕ ತೆಗೆದು ಒರೆಸಿದ. “ಹನ್ನೊಂದು. ಈಗಿನ ಉಕ್ಕಿನಾಗ ಬಿರುಕು ಎಲ್ಲಿ ಸಿಗತದ್ರೀ? ಆರು ವರ್ಷಕ್ಕ ಸಿಕ್ಕದ್ದ ಹನ್ನೊಂದು. ಅವನ್ನ ಬ್ಯಾರೆ ಬ್ಯಾರೆ ವೇಗದಾಗ ಓಡಿಸೇವಿ. ಗರಗಸದಿಂದ ಕೊಯ್ದು ಖೊಟ್ಟಿ ಬಿರುಕು ಮಾಡಿ ನೋಡಿದ್ವಿ, ಅದರ ದನಿನ ಬ್ಯಾರೆ ಬರತದ.”

“ಒಂದ ಪ್ರಶ್ನಿ ನಾಕು ಸಲ ಕೇಳಿ, ನಾಕು ಸಲಾನೂ ಸರಿ ಉತ್ತರ ಬಂದ್ರ, ನಾಕು ಪ್ರಶ್ನಿಗೆ ಉತ್ತರ ಬಂತು ಅನ್ನಾಕ ಬರತೈತೇನ್ರಿ?”

ಅವಳು ಹಲಗೆಯ ಬಳಿ ಹೋಗಿ ಸೀಮೆಸುಣ್ಣ ಕೇಳಿದಳು. ಅಲ್ಲಿದ್ದದ್ದು ಬೆರಳಿಂದ ಬರೆಯುವ ಗಾಜಿನ ಹಲಗೆ. ಬೆರಳಿಂದಲೇ ಬರೆದಳು. ನೂರು ಬಿರುಕುಗಳಲ್ಲಿ ಇಪ್ಪತ್ನಾಲ್ಕನ್ನು ಬಿಟ್ಟುಬಿಡುವ ಕೆಟ್ಟ ಯಂತ್ರವೊಂದಿದೆ ಎಂದು ಇಟ್ಟುಕೊಳ್ಳಿ. ಅದಕ್ಕೂ ಒಮ್ಮೊಮ್ಮೆ ಅದೃಷ್ಟ ಕೂಡಿಬಂದು ಹನ್ನೊಂದಕ್ಕೆ ಹನ್ನೊಂದು ಸಿಕ್ಕಿಬಿಡುತ್ತವೆ. ಇಪ್ಪತ್ತು ಸಲ ಪರೀಕ್ಷೆ ಮಾಡಿದರೆ ಹೆಚ್ಚುಕಡಿಮೆ ಒಂದು ಸಲ ಹಾಗಾಗುತ್ತದೆ. ಆದ್ದರಿಂದ ಹನ್ನೊಂದು ಗಾಲಿಗಳ ಸಾಕ್ಷಿಯಿಂದ ಹೇಳಬಹುದಾದದ್ದು ಇಷ್ಟೇ: ಈ ಯಂತ್ರ ನೂರಕ್ಕೆ ಸೊನ್ನೆಯಿಂದ ಇಪ್ಪತ್ನಾಲ್ಕರವರೆಗೆ ಎಷ್ಟು ಬೇಕಾದರೂ ತಪ್ಪಬಹುದು. ಆ ಹರವಿಗೆ ಅವಳ ಶಾಸ್ತ್ರದಲ್ಲಿ ವಿಶ್ವಾಸಾಂತರ ಎಂದು ಹೆಸರು. ಗಾಲಿ ಹೆಚ್ಚಿದಷ್ಟೂ ಹರವು ಕಿರಿದಾಗುತ್ತದೆ. ಮಂಡಳಿಗೆ ಐದರೊಳಗೆ ಬೇಕಿತ್ತು.

“ಅದಕ್ಕ ಎಷ್ಟು ಗಾಲಿ ಬೇಕು?”

“ಒಂದೂ ತಪ್ಪದಂಗ ಐವತ್ತೊಂಬತ್ತು. ಅರವತ್ತು ಅಂತ ಇಟ್ಕೋರಿ.”

ಇನಾಮದಾರ ನಕ್ಕ. ಸಿಟ್ಟು ಬಂದಾಗ ನಗುವ ಜಾತಿಯ ಮನುಷ್ಯ ಅವನು. “ಆರು ವರ್ಷಕ್ಕ ಹನ್ನೊಂದು, ಮೇಡಂ. ಅರವತ್ತು ಸಿಗೂದ್ರಾಗ ನಾ ರಿಟೈರ್ ಆಗಿರತೇನಿ.”

ಸಂಜೆ ಕಸ್ತೂರಿ ಕಾಲೊನಿಯ ಕಡೆ ನಡೆದಳು. ಕೆಂಪು ಹೆಂಚಿನ ಕ್ವಾರ್ಟರ್ಸುಗಳಲ್ಲಿ ಅರ್ಧಕ್ಕರ್ಧ ಬಿದ್ದುಹೋಗಿದ್ದವು. ಅವಳಿದ್ದ ಮನೆಯ ಜಾಗದಲ್ಲಿ ಬ್ಯಾಟರಿ ಗೋದಾಮು ಎದ್ದಿತ್ತು. ಆದರೆ ನೀರಿನ ಟ್ಯಾಂಕು ಇತ್ತು, ಅದರಿಂದ ಸೋರುವ ನೀರು ಇತ್ತು, ಸೋರಿದ ನೀರಿನಲ್ಲಿ ಬೆಳೆದ ಕೆಸುವಿನ ಎಲೆ ಸಹ ಹಾಗೆಯೇ ಇತ್ತು. ಅವ್ವ ಅಲ್ಲಿಂದ ಎಲೆ ಕೊಯ್ದು ತಂದು ಪತ್ರೊಡೆ ಮಾಡುತ್ತಿದ್ದಳು. ಬೇಯುವ ವಾಸನೆಗೆ ಪಕ್ಕದ ಮನೆಯವರು ತಟ್ಟೆ ಹಿಡಿದು ಬರುತ್ತಿದ್ದರು. ಯಾರ ಮನೆಯ ಒಲೆಯ ಮೇಲೆ ಏನಿದೆ ಎಂದು ಇಡೀ ಸಾಲಿಗೆ ಗೊತ್ತಿರುತ್ತಿದ್ದ ಕಾಲ ಅದು.

ಕೊನೆಯ ಸಾಲಿನಲ್ಲಿ ಇಮಾಮಸಾಬ ನದಾಫರ ಮನೆ ಇತ್ತು. ಮೂವತ್ತೊಂದು ವರ್ಷ ಗಾಲಿ ಬಡಿದವರು. ಕಾಲೊನಿಯ ಮಕ್ಕಳಿಗೆಲ್ಲ ಇಮಾಮ ಕಾಕಾ. ಈಗ ಎಪ್ಪತ್ತೊಂಬತ್ತು. ಗಡ್ಡ ಪೂರಾ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಅವಳ ಅಪ್ಪನ ಹೆಸರು ಹೇಳುತ್ತಲೇ ಎದ್ದು ನಿಂತರು.

“ಗಾರ್ಡ್ ಹಡಪದವ್ರ ಮಗಳು? ಆ ಕುಳ್ಳ ಕಸ್ತೂರಿ? ಶಾಹೀನ, ಬಾ ಇಲ್ಲೆ, ನೋಡು ಯಾರು ಬಂದಾರ! ಕುಂದ್ರವಾ, ಕುಂದ್ರು.”

ಸೊಸೆ ಶಾಹೀನ ಸುಸಲಾ ಮಾಡಿ ತಂದಿಟ್ಟಳು. ಮಂಡಕ್ಕಿಯ ಒಗ್ಗರಣೆಯ ಆ ವಾಸನೆಗೆ ಕಸ್ತೂರಿ ಯಾರೂ ಹೇಳುವ ಮೊದಲೇ ತಟ್ಟೆ ಎಳೆದುಕೊಂಡಳು. ಹಳೆಯ ಮಾತುಗಳೆಲ್ಲ ಒಂದರ ಬೆನ್ನಿಗೊಂದು ಬಂದವು. ಫೋರ್ಮನ್ ಫರ್ನಾಂಡಿಸ್ ಸಾಹೇಬರು, ಅವರ ಸೈಕಲ್ಲು, ಒಂದು ಮೊಳೆಯನ್ನೂ ಬಿಸಾಡಲು ಬಿಡದ ಅವರ ಜಿಪುಣತನ. ಕಸ್ತೂರಿ ತಾನು ಬಂದ ಕೆಲಸ ಹೇಳಿದಳು. ಅರವತ್ತು ಬಿರುಕಿನ ಗಾಲಿ ಬೇಕು ಎಂದಾಗ ಮುದುಕರು ಅವಳ ಮುಖವನ್ನೇ ನೋಡಿದರು.

“ಹುಚ್ಚಿ. ನೀ ಸಣ್ಣಾಕಿದ್ದಾಗ ಯಾತರ ಮ್ಯಾಲೆ ಹತ್ತಿ ನಡೀತಿದ್ದಿ?”

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಟದ ಮೈದಾನದ ಸುತ್ತ ನೆಲದಲ್ಲಿ ಅರ್ಧ ಹೂತ ಗಾಲಿಗಳ ಬೇಲಿ! ಒಂದರಿಂದ ಇನ್ನೊಂದಕ್ಕೆ ಕಾಲಿಟ್ಟು ಬೀಳದೆ ಸುತ್ತು ಹಾಕುವ ಆಟ. ಬಿಸಿಲಿಗೆ ಕಾದ ಕಬ್ಬಿಣದ ಮೇಲೆ ಬರಿಗಾಲು.

“ನಾನು ಬಡದು, ಬ್ಯಾಡ ಅಂತ ತಗದ ಗಾಲಿನ ಅವೆಲ್ಲಾ. ಕರಗಸಾಕ ಕಳಸಬೇಕಿತ್ತು. ಫರ್ನಾಂಡಿಸ್ ಸಾಹೇಬ್ರು ಹುಡುಗ್ರಿಗೆ ಮೈದಾನ ಮಾಡೂಣು ಅಂತ ಹೂಳಿಸಿದ್ರು. ನೀವು ಊರು ಬಿಟ್ಟ ಮ್ಯಾಲೆ ಇನ್ನೊಂದೆಂಟು ಬಾವಿ ಕಟ್ಟಿಗೆ, ಸಾಲಿ ಗೇಟಿಗೆ ಹ್ವಾದ್ವು. ಒಂದೊಂದೂ ಯಾವ ಗಾಡಿದು ಅಂತ ಹೇಳತೀನಿ ಬೇಕಾದ್ರ.”

ಮರುದಿನದಿಂದ ಅಗೆತ ಶುರುವಾಯಿತು. ಇನಾಮದಾರನಿಗೆ ಮೊದಲು ನಂಬಿಕೆ ಬರಲಿಲ್ಲ. ಬಂದು ಕಣ್ಣಾರೆ ಕಂಡ ಮೇಲೆ ಕ್ರೇನನ್ನೂ ಹನ್ನೆರಡು ಆಳುಗಳನ್ನೂ ಕೊಟ್ಟ. ನಾಲ್ಕು ನೂರು ಕಿಲೋ ತೂಗುವ ಗಾಲಿಗಳು ಒಂದೊಂದಾಗಿ ಮಣ್ಣು ಉದುರಿಸುತ್ತ ಮೇಲೆದ್ದವು. ಇಮಾಮಸಾಬರು ಕುರ್ಚಿ ಹಾಕಿಸಿಕೊಂಡು ಕೂತು ಹೇಳುತ್ತಿದ್ದರು: ಇದು ಗದಗ ಪ್ಯಾಸೆಂಜರಿನದು, ಆ ವರ್ಷ ಮಳೆ ಜೋರಿತ್ತು; ಇದು ಅದಿರಿನ ವ್ಯಾಗನ್ನಿನದು, ನಿಮ್ಮಪ್ಪನ ಡ್ಯೂಟಿ ಇತ್ತು ಅವತ್ತು, ಗಾಡಿ ಮೂರು ತಾಸು ನಿಂತದ್ದಕ್ಕೆ ನನ್ನ ಜೊತೆ ಜಗಳಾಡಿ ಆಮೇಲೆ ಬೀಡಿ ಕೊಟ್ಟರು. ಅಪ್ಪ ಬೀಡಿ ಸೇದುತ್ತಿದ್ದದ್ದೇ ಕಸ್ತೂರಿಗೆ ಗೊತ್ತಿರಲಿಲ್ಲ. ಐವತ್ಮೂರು ವರ್ಷಕ್ಕೆ ಅಪ್ಪನ ಬಗ್ಗೆ ಹೊಸದೊಂದು ಸಂಗತಿ ಸಿಕ್ಕಿತಲ್ಲ ಎಂದು ಅವಳು ಅದನ್ನು ದಿನವಿಡೀ ನೆನೆದು ನೆನೆದು ನಕ್ಕಳು.

ಒಟ್ಟು ಐವತ್ನಾಲ್ಕು ಗಾಲಿ ಸಿಕ್ಕವು. ತುಕ್ಕು ಉಜ್ಜಿ ತೆಗೆದು, ಕೆಂಪು ಬಣ್ಣ ಬಳಿದು ಒರೆಸಿದರು. ಬಿರುಕಿದ್ದಲ್ಲಿ ಬಣ್ಣ ಒಳಗಿಳಿದು ಗೆರೆ ಉಳಿಯುತ್ತದೆ. ನಲವತ್ತೊಂಬತ್ತರಲ್ಲಿ ಗೆರೆ ಎದ್ದು ಕಂಡಿತು. ಐದು ಸ್ವಚ್ಛವಾಗಿದ್ದವು. ಸ್ಕ್ಯಾನ್ ಮಾಡಿದರೂ ಒಳಗೆ ಏನೂ ಇರಲಿಲ್ಲ.

“ಐದು ಒಳ್ಳೆ ಗಾಲಿ ಸುಮ್ನ ತಗದು ಒಗದೆನೇನು?” ಎಂದರು ಇಮಾಮಸಾಬರು. ಮುಖ ಸಣ್ಣದಾಗಿತ್ತು.

“ಒಳ್ಳೇದನ್ನ ತಗದ್ರ ಯಾರೂ ಸಾಯೂದಿಲ್ಲ ಕಾಕಾ,” ಎಂದಳು ಕಸ್ತೂರಿ.

ಆ ಮಾತಿಗೆ ಅವರು ಯಾಕೋ ಅವಳ ಕಡೆ ನೋಡಲಿಲ್ಲ.

ಗಾಲಿಗಳನ್ನು ಅಚ್ಚಿಗೆ ಕೂರಿಸಿ ಪರೀಕ್ಷೆಯ ಹಳಿಯ ಮೇಲೆ ಓಡಿಸಲು ಮೂರು ವಾರ ಹಿಡಿಯಿತು. ಯಾವುದು ಬಿರುಕಿನದು, ಯಾವುದು ಗಟ್ಟಿಯದು ಎಂದು ಯಂತ್ರದ ಕಡೆಯವರಿಗೆ ಗೊತ್ತಾಗದ ಹಾಗೆ ಕಸ್ತೂರಿ ಕಲಸಿ ಓಡಿಸಿದಳು. ಒಂದು ಗಾಲಿಗೆ ಒಂದೇ ಸಲ. ಕೊನೆಯ ಗಾಲಿ ಕಂಬ ದಾಟಿ ಪರದೆಯ ಮೇಲೆ ಕೆಂಪು ದೀಪ ಹೊತ್ತಿದಾಗ ನಿಯಂತ್ರಣ ಕೊಠಡಿಯಲ್ಲಿ ಚಪ್ಪಾಳೆ ಎದ್ದಿತು. ನಲವತ್ತೊಂಬತ್ತಕ್ಕೆ ನಲವತ್ತೊಂಬತ್ತು. ಹಳೆಯ ಹನ್ನೊಂದು ಸೇರಿ ಅರವತ್ತಕ್ಕೆ ಅರವತ್ತು. ನೂರಕ್ಕೆ ತೊಂಬತ್ತೈದರ ವಿಶ್ವಾಸದಲ್ಲಿ ತಪ್ಪಿನ ಮೇಲ್ಮಿತಿ ಐದಕ್ಕಿಂತ ತುಸು ಕಡಿಮೆ. ಇನಾಮದಾರ ಧಾರವಾಡ ಪೇಡೆ ತರಿಸಿದ. ಕಸ್ತೂರಿಗೆ ಎರಡು ಪೇಡೆ ಕೊಟ್ಟು, ಮೊದಲ ಸಲ ಸಿಟ್ಟಿಲ್ಲದೆ ನಕ್ಕ.

ಮರುದಿನ ಬೆಳಿಗ್ಗೆ ಅವಳು ಒಪ್ಪಿಗೆಯ ವರದಿ ಬರೆಯಲು ಕೂತಳು. ನಮೂನೆಯಲ್ಲಿ ಒಂದು ಕಾಲಂ ಇರುತ್ತದೆ: ಪರೀಕ್ಷೆಯ ಗಾಲಿಗಳನ್ನು ಆಯ್ದದ್ದು ಹೇಗೆ? ಪ್ರತಿ ಯಂತ್ರಕ್ಕೂ ತುಂಬುವ ಕಾಲಂ. ಅವಳು ಬರೆದಳು: ‘ಸುತ್ತಿಗೆಯಿಂದ ಬಡಿದು ದನಿ ಕೇಳಿ ಬೇರ್ಪಡಿಸಿದ ಗಾಲಿಗಳು.’ ಬರೆದದ್ದನ್ನು ಓದಿದಳು. ಇನ್ನೊಮ್ಮೆ ಓದಿದಳು. ಕೈ ನಿಂತಿತು.

ಆ ನಲವತ್ತೊಂಬತ್ತೂ ಇಮಾಮ ಕಾಕಾನ ಕಿವಿಗೆ ಸಿಕ್ಕ ಗಾಲಿಗಳು. ಸಿಕ್ಕದ್ದರಿಂದಲೇ ಮೈದಾನದಲ್ಲಿ ಹೂಳಿಸಿಕೊಂಡವು. ಉಳಿದ ಹನ್ನೊಂದರ ಬಿರುಕೂ ಮೇಲ್ಮೈಯಲ್ಲೇ ಇತ್ತು. ಕೇಳಿಸುವ ಬಿರುಕನ್ನು ಯಂತ್ರ ಕೇಳುತ್ತದೆ ಎಂದು ಅವಳು ಸಾಬೀತು ಮಾಡಿದ್ದಳು. ಯಾರ ಕಿವಿಗೂ ಬೀಳದ ಬಿರುಕು ಅವಳ ಅರವತ್ತರಲ್ಲಿ ಒಂದೂ ಇರಲಿಲ್ಲ.

ಅವಳು ನೇರ ಕೊನೆಯ ಸಾಲಿನ ಮನೆಗೆ ಹೋದಳು. ಇಮಾಮಸಾಬರು ಅಂಗಳದಲ್ಲಿ ಹತ್ತಿ ಹಾಸಿಗೆ ಬಿಸಿಲಿಗೆ ಹರವುತ್ತಿದ್ದರು. ಅವಳು ಇನ್ನೊಂದು ತುದಿ ಹಿಡಿದಳು.

“ಕಾಕಾ, ನಿಮಗ ಸಿಕ್ಕ ಗಾಲಿ ಎಲ್ಲಾ ತೋರಿಸಿದ್ರಿ. ನಿಮ್ಮ ಕಿವಿ ತಪ್ಪಿಸಿ ಹೋದ ಗಾಲಿ ಯಾವಾಗರ ಇತ್ತೇನು?”

ಅವರು ಹಾಸಿಗೆಯನ್ನು ಹಗ್ಗದ ಮೇಲೆ ಸರಿಯಾಗಿ ಎಳೆದು ಹಾಕಿದರು, ಮಡಿಕೆ ತಿದ್ದಿದರು. ಆಮೇಲೆ ಹೇಳಿದರು:

“ನೀವು ಊರು ಬಿಟ್ಟ ಮ್ಯಾಲೆ ಆತು ಅದು. ನಾಕು ವರ್ಷಕ್ಕ. ಹುಲಿಕಟ್ಟಿ ಸ್ಟೇಷನ್ನಿಗೆ ಇನ್ನೊಂದು ಮೈಲು ಇರುವಾಗ ಗಾಲಿ ಒಡದು ಬೋಗಿ ಮಗಚಿತು. ಇಬ್ರು ತೀರ್ಕೊಂಡ್ರು. ಒಬ್ಬಾಂವ ಗ್ಯಾಂಗ್‌ಮನ್ ಬಸಲಿಂಗಪ್ಪ, ಅವಗ ಹಿಂದಮುಂದ ಯಾರೂ ಇರಲಿಲ್ಲ. ಇನ್ನೊಬ್ಬಾಕಿ ಸರೋಜಿನಿ ಟೀಚರ್. ಹುಲಿಕಟ್ಟಿ ಸಾಲ್ಯಾಗ ಕಲಸಾಕಿ. ಸಣ್ಣ ಮಗಳಿದ್ಲು. ಆ ಗಾಡಿ ನಾ ಬಡದು ಬಿಟ್ಟದ್ದು. ಎಲ್ಲಾ ಗಾಲಿ ಠಣ್ ಅಂದಿದ್ವು, ಕಸ್ತೂರಿ. ಖುದಾನ ಆಣಿ, ಎಲ್ಲಾ ಠಣ್ ಅಂದಿದ್ವು.”

“ವಿಚಾರಣಿ ಆತಲ್ಲ?”

“ಆತು. ಉಕ್ಕು ಎರಕ ಹೊಯ್ಯುವಾಗಿನ ದೋಷ, ಒಳಬಿರುಕು, ಗಾಲಿ ಬಡಿಯಾಂವನ ತಪ್ಪಿಲ್ಲ ಅಂತ ಬರದ್ರು. ಕಾಗದದಾಗ ಬರದ್ರು. ನನ್ನ ಕಿವಿ ಅದನ್ನ ಒಪ್ಪಬೇಕಲ್ಲ? ಅವತ್ತು ನೆಗಡಿ ಆಗಿತ್ತೋ, ಧ್ಯಾನ ಎಲ್ಲೆರ ಇತ್ತೋ ಅಂತ ನೆನಸತೀನಿ. ಏನೂ ನೆನಪ ಬರೂದಿಲ್ಲ. ಅವತ್ತಿನಿಂದ ನಿವೃತ್ತಿ ಆಗೂತನ ಒಂದೊಂದು ಗಾಲಿಗೆ ಎರಡೆರಡು ಸಲ ಬಡದೆ. ಆ ಐದು ಒಳ್ಳೆ ಗಾಲಿ ತಗದದ್ದು ಅದಕ್ಕ ಇರಬೇಕು. ಅಂಜಿಕಿ.”

ಅದೇ ಬೋಗಿಯ ಇನ್ನೆರಡು ಗಾಲಿಗಳಲ್ಲೂ ಒಳಬಿರುಕು ಸಿಕ್ಕಿತ್ತಂತೆ. ಒಡೆದಿರಲಿಲ್ಲ. ವಿಚಾರಣೆ ಮುಗಿದ ಮೇಲೆ ಅವನ್ನು ಎಲ್ಲಿ ಹಾಕೋಣ ಎಂದು ಫರ್ನಾಂಡಿಸ್ ಸಾಹೇಬರು ಕೇಳಿದಾಗ ಇಮಾಮಸಾಬರೇ ಹೇಳಿ, ಗಾಲಿ ಬಡಿಯುವವರು ಕೂತು ಉಣ್ಣುವ ಶೆಡ್ಡಿನಲ್ಲಿ ಇಡಿಸಿದ್ದರು. ಮುಂದಿನ ಹದಿನೈದು ವರ್ಷ ಮಧ್ಯಾಹ್ನದ ಬುತ್ತಿಯನ್ನು ಅವರು ಆ ಗಾಲಿಗಳ ಮೇಲೆ ಕೂತೇ ಬಿಚ್ಚಿದ್ದರು. ಯಾರಿಗೂ ಕಾರಣ ಹೇಳಿರಲಿಲ್ಲ. ಮನೆಯಲ್ಲಿ ಸಹ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಶಾಹೀನ ಒಳಗೆ ಹೋಗಿ ನೀರು ತಂದು ಮಾವನ ಕೈಗೆ ಕೊಟ್ಟಳು. “ಮಾವಾ, ಇಷ್ಟು ವರ್ಷ ಒಬ್ರ ಹೊತ್ಕೊಂಡು ತಿರಗಿದ್ರಲ್ಲ,” ಎಂದಳು. ಅವರು ನೀರು ಕುಡಿಯದೆ ಲೋಟ ಹಿಡಿದೇ ಕೂತರು.

ಶೆಡ್ಡು ಮುಳ್ಳುಕಂಟಿಯಲ್ಲಿ ಮುಚ್ಚಿಹೋಗಿತ್ತು. ಗಾಲಿಗಳು ಅಲ್ಲೇ ಇದ್ದವು. ಜೋಡಿ ಪೀಠಗಳ ಹಾಗೆ, ಮೇಲ್ಭಾಗ ಕೂತು ಕೂತು ನುಣುಪಾಗಿ.

ಅವನ್ನು ಓಡಿಸಿದ ದಿನ ನಿಯಂತ್ರಣ ಕೊಠಡಿಯಲ್ಲಿ ಕುರ್ಚಿ ಸಾಲದಷ್ಟು ಜನ. ಮೊದಲು ಸ್ಕ್ಯಾನ್ ಮಾಡಿದರು. ಎರಡರಲ್ಲೂ ಗಾಲಿಯ ದಪ್ಪ ಅಂಚಿನ ನಡುವೆ, ಮೇಲ್ಮೈಯಿಂದ ಎರಡು ಬೆರಳು ಆಳದಲ್ಲಿ ಕಪ್ಪು ಗೆರೆ. ಹೊರಗೆ ಕೂದಲೆಳೆಯ ಗುರುತೂ ಇಲ್ಲ. ಆಮೇಲೆ ಇಮಾಮಸಾಬರಿಗೆ ಸುತ್ತಿಗೆ ಕೊಟ್ಟರು. ಬಡಿದರು. ಠಣ್. ಈಗಿನ ಗಾಲಿ ತಪಾಸಣೆಯ ಇಬ್ಬರೂ ಬಡಿದರು. ಅವರ ಕಿವಿಗೂ ಠಣ್.

“ಓಡಸ್ರಿ,” ಎಂದಳು ಕಸ್ತೂರಿ.

ಮೊದಲ ಗಾಲಿ ಕಂಬ ದಾಟಿತು. ಹಸಿರು. ಎರಡನೆಯದು. ಹಸಿರು.

ಇನಾಮದಾರ ಎದ್ದು ನಿಂತ. ವೇಗ ಬದಲಿಸಿ ಓಡಿಸಿದ. ಭಾರ ಹೇರಿ ಓಡಿಸಿದ. ಯಂತ್ರ ಒಂಬತ್ತು ಸಲವೂ ಗಾಲಿ ಗಟ್ಟಿಯಾಗಿದೆ ಎಂದೇ ಹೇಳಿತು.

ಇಮಾಮಸಾಬರು ಪರದೆಯ ಹತ್ತಿರ ಹೋದರು. “ಇದು... ಈ ನಿಮ್ಮ ಕಂಬಕ್ಕ ಎಷ್ಟು ಗಾಲಿ ಕೇಳಿ ರೂಢಿ ಐತಿ ಅಂದ್ರಿ?”

“ಎಪ್ಪತ್ತು ಲಕ್ಷ ಅಜ್ಜಾರ,” ಎಂದ ಇನಾಮದಾರ. ದನಿ ಬತ್ತಿತ್ತು.

“ಎಪ್ಪತ್ತು ಲಕ್ಷ.” ಅವರು ಹಸಿರು ಚುಕ್ಕೆಯನ್ನು ಬೆರಳಿಂದ ಮುಟ್ಟಿದರು. “ಅದಕ್ಕೂ ಕೇಳಸಲಿಲ್ಲ.” ಮತ್ತೆ ಅಂದರು, “ಅದಕ್ಕೂ ಕೇಳಸಲಿಲ್ಲ, ಕಸ್ತೂರಿ.” ಅವಳು ಅವರನ್ನು ಕೂರಿಸಿದಳು. ಆರು ವರ್ಷ ದುಡಿದವನ ಸೋಲು ಒಂದು ಕಡೆ, ಇಷ್ಟು ವರ್ಷ ಕೊರಗಿದವರ ಬಿಡುಗಡೆ ಇನ್ನೊಂದು ಕಡೆ. ಎರಡೂ ಒಂದೇ ಹಸಿರು ದೀಪದಿಂದ ಬಂದಿದ್ದವು. ಯಾರ ಮುಖ ನೋಡಬೇಕೆಂದು ತಿಳಿಯದೆ ಕಸ್ತೂರಿ ಕಿಟಕಿಯ ಹೊರಗೆ ನೋಡಿದಳು.

ಜನ ಚದುರಿದ ಮೇಲೆ ಇನಾಮದಾರ ಜಗಳಕ್ಕೇ ನಿಂತ. “ಇದು ನ್ಯಾಯ ಅಲ್ರೀ ಮೇಡಂ. ಇವು ಹುಡುಕಿ ಹುಡುಕಿ ತಂದ ಗಾಲಿ. ತಪ್ಪಲಿ ಅಂತನ ಆರಿಸಿದ್ಹಂಗ ಆತು. ಇವನ್ನ ಅರವತ್ತರಾಗ ಕೂಡಿಸಿದ್ರ ನಿಮ್ಮ ಶಾಸ್ತ್ರಕ್ಕೂ ಒಪ್ಪೂದಿಲ್ಲ.”

“ಒಪ್ಪೂದಿಲ್ಲ,” ಎಂದಳು ಕಸ್ತೂರಿ. “ಅದಕ್ಕ ಕೂಡಸೂದಿಲ್ಲ. ಬ್ಯಾರೆ ಬರೀತೀನಿ. ಹೊರಬಿರುಕು: ಅರವತ್ತರಾಗ ಒಂದೂ ತಪ್ಪಿಲ್ಲ, ನೂರಕ್ಕ ಐದರೊಳಗ. ಒಳಬಿರುಕು: ಎರಡರಾಗ ಎರಡೂ ತಪ್ಪು. ಎರಡ ಗಾಲಿ ಇಟ್ಕೊಂಡು ಹೇಳೂದಾದ್ರ ನೂರಕ್ಕ ಇಪ್ಪತ್ತೆರಡರಿಂದ ನೂರರತನ ಎಷ್ಟರ ಇರಬಹುದು.”

“ಅಂದ್ರ ಏನೂ ಗೊತ್ತಿಲ್ಲ ಅಂದ್ಹಂಗ ಆತಲ್ಲ.”

“ಹೌದ್ರಿ. ಗೊತ್ತಿಲ್ಲ ಅಂತ ಬರಿಯೂದೂ ನನ್ನ ಕೆಲಸದಾಗ ಬರತೈತಿ. ಸ್ಕ್ಯಾನಿಂಗ್ ನಿಲ್ಲಿಸಿದ್ರ ಇಂಥಾ ಗಾಲಿ ಹಿಡಿಯಾಕ ಯಾರೂ ಉಳಿಯೂದಿಲ್ಲ. ಗಾಡ್ಯಾಗ ಆರು ನೂರು ಮಂದಿ ಘಟ್ಟ ಇಳೀತಾರ.”

ಅವನು ಪರದೆಯ ಕಡೆ ತಿರುಗಿದ. ಹೊರಗೆ ಒಂದು ಗೂಡ್ಸ್ ಹಾದುಹೋಯಿತು. ಪರದೆಯ ಮೇಲೆ ಹಸಿರು ಚುಕ್ಕೆಗಳು ಸಾಲಾಗಿ ಮೂಡಿದವು. ಆರು ವರ್ಷದಲ್ಲಿ ಮೊದಲ ಸಲ ಅವನು ಆ ಚುಕ್ಕೆಗಳನ್ನು ಅನುಮಾನದಿಂದ ನೋಡಿದ.

“ನಮ್ಮ ತಾಯಿ ಈ ಗಾಡಿ ಶುರುವಾದ ದಿನಾನ ಗೋಕರ್ಣಕ್ಕ ಹೋಗಬೇಕಂತ ಕಾಯ್ಲಿಕ್ಕೆ ಹತ್ಯಾಳ,” ಎಂದ ಕೊನೆಗೆ. “ಬರೀರಿ ಮೇಡಂ. ನಾನೂ ಸಹಿ ಹಾಕತೇನಿ.”

ಚಾಲಕರಿಲ್ಲದ ರೈಲು ಆರು ವಾರಕ್ಕೆ ಹೊರಡಲಿಲ್ಲ. ಐದು ತಿಂಗಳು ತಡವಾಯಿತು. ಪತ್ರಿಕೆಗಳು ಬೈದವು, ಮಂತ್ರಿಗಳು ಬೈದರು. ಕಿವಿಗಂಬವನ್ನು ಮಂಡಳಿ ಒಪ್ಪಿತು, ಆದರೆ ಸ್ಕ್ಯಾನಿಂಗನ್ನು ಕೈಬಿಡಕೂಡದು, ಆರು ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ಮಾಡಬೇಕು ಎಂದು ಷರತ್ತು ಹಾಕಿತು. ರೈಲು ಹೊರಡುವ ಮುಂಚೆ ಮಾಡಿದ ಮೊದಲ ಸ್ಕ್ಯಾನಿನಲ್ಲೇ ಹೊಚ್ಚ ಹೊಸ ಬೋಗಿಯ ಗಾಲಿಯೊಂದರಲ್ಲಿ ಒಳಗೆರೆ ಸಿಕ್ಕಿತು. ಇನಾಮದಾರ ಅದರ ಚಿತ್ರವನ್ನು ಕಸ್ತೂರಿಗೆ ಕಳಿಸಿದ. ಜೊತೆಗೆ ಒಂದೇ ಸಾಲು: ‘ಈಗ ಮೂರು ಗಾಲಿ ಆದ್ವು ನೋಡ್ರಿ.’

ಇದೆಲ್ಲ ಆಗುವ ಮೊದಲು, ವರದಿ ಕೊಟ್ಟ ಮರುದಿನವೇ ಕಸ್ತೂರಿ ಹೇಳಿಹೋಗಲು ಕೊನೆಯ ಸಾಲಿನ ಮನೆಗೆ ಬಂದಳು. ಇಮಾಮಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಚಪ್ಪಲಿ ಮೆಟ್ಟಿ ತಯಾರಾಗಿ ಕೂತಿದ್ದರು.

“ಹುಲಿಕಟ್ಟಿಗೆ ಹೋಗಬೇಕು,” ಎಂದರು. “ಬರತೀಯೇನು?”

ಎರಡು ಸ್ಟೇಷನ್ನಿನ ದಾರಿ. ಮುದುಕರು ಕಿಟಕಿಯ ಪಕ್ಕ ಕೂತರು. ಒಂದು ಕೆರೆ, ಬಿಳಿಜೋಳದ ಹೊಲಗಳು, ಗಾಳಿಗಿರಣಿಗಳ ಸಾಲು. ಹುಲಿಕಟ್ಟಿಗೆ ಇನ್ನೊಂದು ಮೈಲು ಇರುವಾಗ ರೈಲು ತಿರುವು ಹಾಕಿದಲ್ಲಿ ಅವರು ಬೆರಳೆತ್ತಿ ತೋರಿಸಿ, ಮತ್ತೆ ಕೈ ಕೆಳಗೆ ಇಳಿಸದೆ ಹಾಗೆಯೇ ಕಿಟಕಿಯ ಸರಳು ಹಿಡಿದುಕೊಂಡರು. ಹಳಿಯ ಪಕ್ಕ ಅಲ್ಲಿ ಬರೀ ಹುಲ್ಲು ಬೆಳೆದಿತ್ತು.

ಸರೋಜಿನಿ ಟೀಚರ್ ಮನೆ ಎಂದು ಕೇಳಿದರೆ ಊರಿನಲ್ಲಿ ಈಗಲೂ ತೋರಿಸುತ್ತಿದ್ದರು. ಗೇಟಿನ ಮುಂದೆ ಇಮಾಮಸಾಬರ ಕಾಲು ನಿಂತುಬಿಟ್ಟಿತು. ಕಸ್ತೂರಿ ಅವರ ಮೊಣಕೈ ಹಿಡಿದಳು. ಬಾಗಿಲು ತೆಗೆದವಳಿಗೆ ಐವತ್ತರ ಹತ್ತಿರ ವಯಸ್ಸು. ಕೈಗೆ ಹಿಟ್ಟು ಮೆತ್ತಿತ್ತು.

“ಯಾರು ಬೇಕಾಗಿತ್ರಿ?”

ಇಮಾಮಸಾಬರು ಟೋಪಿ ಸರಿಮಾಡಿಕೊಂಡರು. ರೈಲಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು.

“ನಾನು ಕರಿಹಳ್ಳದಾಂವ, ತಾಯಿ. ನಿಮ್ಮವ್ವ ಹೋದ ಗಾಡಿ... ಅವತ್ತು ಗಾಲಿ ಬಡದು ಹೋಗಾಕ ಬಿಟ್ಟಾಂವ ನಾನು.”

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಲೆಯ ಮೇಲೆ ಏನೋ ಕುದಿಯುವ ಸದ್ದು ಒಳಗಿನಿಂದ ಬರುತ್ತಿತ್ತು.

“ಅವತ್ತಿನ ಸುದ್ದಿ ನನಗ ಯಾರೂ ಪೂರಾ ಹೇಳೇ ಇಲ್ರಿ,” ಎಂದಳು. “ಸಣ್ಣಾಕಿ ಅಂತ ಮುಚ್ಚಿಟ್ರು. ದೊಡ್ಡಾಕಿ ಆದಮ್ಯಾಲೆ ಕೇಳೂಣಂದ್ರ ಗೊತ್ತಿದ್ದವ್ರು ಯಾರೂ ಉಳೀಲಿಲ್ಲ.”

ಸೆರಗಿಗೆ ಕೈ ಒರೆಸಿಕೊಂಡು ಅವಳು ಬಾಗಿಲ ಎರಡನೇ ಕದವನ್ನೂ ತೆರೆದಳು.

“ಒಳಗ ಬರ್ರಿ. ಕುಂತು ಹೇಳ್ರಿ.”